ಸಲೀಸಾಗಿ ತಿರುಗಿದ ನಟ್ಟು

ಆ ಭಾನುವಾರ ಬೆಳಿಗ್ಗೆ ನನ್ನ ಅಡುಗೆಮನೆಯ ಹಲಗೆ ಕುಸಿದು ಬೀಳದೆ ಇದ್ದಿದ್ದರೆ ನನ್ನ ಅಕ್ಕನ ಕೈಗಳು ಮುಂದೆ ಹೇಗಿರುತ್ತಿದ್ದವೋ ಹೇಳಲಾರೆ. ಹಾಗಂತ ಅವತ್ತು ನಾನೇನೂ ದೇವರಿಗೆ ಕೈಮುಗಿಯಲಿಲ್ಲ. ತವರಿನಿಂದ ತಂದ ಹಿತ್ತಾಳೆಯ ಕೊಡ ನೆಲಕ್ಕೆ ಬಿದ್ದು ನೆಗ್ಗಿ ಹೋಗಿತ್ತು. ಉಪ್ಪಿನಕಾಯಿ ಜಾಡಿ ಒಡೆದು ಎಣ್ಣೆ ಒಲೆಯ ತನಕ ಹರಿದಿತ್ತು. ನಾನು ಗಂಡನ ಮೇಲೆ ಹರಿಹಾಯ್ದದ್ದು ಸಾಲುಮನೆಗಳ ನಮ್ಮ ಚಾಳಿನ ಆ ತುದಿಯ ಮನೆಯವರಿಗೂ ಕೇಳಿಸಿತಂತೆ. ಕೇಳಲಿ ಬಿಡಿ. ವಾರವೆಲ್ಲ ಮಂದಿಯ ಯಂತ್ರ ಜೋಡಿಸುವ ಮನುಷ್ಯನಿಗೆ ಸ್ವಂತ ಮನೆಯ ಒಂದು ಹಲಗೆ ನಿಲ್ಲಿಸಲು ಬರುವುದಿಲ್ಲವೇ ಎಂದು ಯಾವ ಹೆಂಡತಿಯಾದರೂ ಕೇಳುತ್ತಾಳೆ.

ಅವರು ಹಲಗೆಗೆ ಹಾಕಿದ್ದ ಬೋಲ್ಟನ್ನೂ ಅದರ ನಟ್ಟನ್ನೂ ಎಣ್ಣೆಯೊಳಗಿಂದ ಎತ್ತಿ, ಪಂಚೆಯ ಅಂಚಿನಲ್ಲಿ ಒರೆಸಿ, ಬಾಗಿಲ ಬೆಳಕಿಗೆ ಹೋಗಿ ನಿಂತರು. ನಟ್ಟಿನ ತೂತಿನೊಳಗೆ ಒಂದು ಕಣ್ಣು ಮುಚ್ಚಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದಾಗ ಅವರ ಮುಖ ಬಿಳಚಿಕೊಂಡಿತ್ತು.

"ಇದು ಎಲ್ಲಿಂದ ತೊಗೊಂಡಿ?" ಎಂದರು.

ಎಲ್ಲಿಂದ ತಗೊಳ್ಳಲಿ? ಅವರೇ ಕಾರಖಾನೆಯಿಂದ ಕಳಿಸಿದ್ದ ಗೋಣಿಯಿಂದ.

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ನಾವು ಬೀದರ್ ಕಡೆಯವರು. ನಾನು ಮದುವೆಯಾಗಿ ನಾಸಿಕಕ್ಕೆ ಬಂದದ್ದು ಅರವತ್ತರ ದಶಕದ ಕೊನೆಗೆ. ಈ ಹಲಗೆ ಬಿದ್ದದ್ದು ಅದಾಗಿ ಕೆಲವು ವರ್ಷಗಳ ಮೇಲೆ. ಗಂಡ ನಾಸಿಕದ ಸಾತಪೂರದ ಒಂದು ಸಣ್ಣ ಕಾರಖಾನೆಯಲ್ಲಿ ಫಿಟ್ಟರ್. ಅಲ್ಲಿ ಮೇವು ಕತ್ತರಿಸುವ ಯಂತ್ರ ತಯಾರಾಗುತ್ತಿತ್ತು. ನೋಡದವರಿಗೆ ಹೇಳುತ್ತೇನೆ: ಎದೆಯೆತ್ತರದ ಒಂದು ಎರಕದ ಕಬ್ಬಿಣದ ಚಕ್ರ, ಅದರ ನಡುವಿನ ಅಡ್ಡಪಟ್ಟಿಗಳಿಗೆ ಬೋಲ್ಟು ಹಾಕಿ ಕೂರಿಸಿದ ಎರಡು ಉದ್ದನೆಯ ಬ್ಲೇಡು. ಮುಂದೆ ಒಂದು ದೋಣಿ, ಮೇಲೆ ತೆರೆದ ಉದ್ದನೆಯ ಕಾಲುವೆಯಂಥದ್ದು. ದೋಣಿಯಲ್ಲಿ ಜೋಳದ ಕಣಿಕೆ, ಅಂದರೆ ಒಣ ದಂಟು, ಇಟ್ಟು ಕೈಯಿಂದ ಒಳಗೆ ತಳ್ಳಿದರೆ, ಚಕ್ರ ತಿರುಗುತ್ತ ಬ್ಲೇಡುಗಳು ದೋಣಿಯ ಬಾಯಿಗೆ ಬಂದು ಕಚ್ ಕಚ್ ಎಂದು ಕತ್ತರಿಸುತ್ತವೆ. ತಳ್ಳುವವರ ಬೆರಳಿಗೂ ಬ್ಲೇಡಿಗೂ ನಡುವೆ ಇರುವುದು ಅಷ್ಟೇ ಜಾಗ. ಸಾಮಾನ್ಯವಾಗಿ ತಳ್ಳುವವರು ಹೆಂಗಸರು.

ಬಜಾರಿನಲ್ಲಿ ಸೇರು, ತೊಲ, ಗಜ ಹೋಗಿ ಕಿಲೊ, ಲೀಟರು, ಮೀಟರು ಬಂದು ಆಗಲೇ ಹಳೆಯದಾಗಿತ್ತು. ನಮ್ಮ ಅತ್ತೆ ಮಾತ್ರ ದಿನಾ ಬೆಳಿಗ್ಗೆ ಹಾಲಿನವನ ಜೊತೆ ಸೇರಿನ ಲೆಕ್ಕದಲ್ಲಿ ಜಗಳಾಡಿ ದಿನಾ ಸೋಲುತ್ತಿದ್ದರು. ಆದರೆ ಕಾರಖಾನೆಯ ಬಾಗಿಲ ಒಳಗೆ ಇನ್ನೂ ಇಂಚಿನದೇ ರಾಜ್ಯ. ಕಬ್ಬಿಣ ಕಡೆಯುವ ಅಲ್ಲಿಯ ಹಳೆಯ ಲೇತು ಇಂಗ್ಲೆಂಡಿನಿಂದ ಬಂದದ್ದು, ಇಂಚಿನ ಮರೆ, ಅಂದರೆ ಬೋಲ್ಟಿನ ಸುರುಳಿ ಗೀರು, ಬಿಟ್ಟರೆ ಬೇರೆ ಮರೆ ಕತ್ತರಿಸಲು ಅದಕ್ಕೆ ಗೊತ್ತಿರಲಿಲ್ಲ. ಇಂಚಿನ ಎಂಟನೆಯ ಒಂದು ಭಾಗಕ್ಕೆ ಅಲ್ಲಿಯವರು ಸೂತ ಅನ್ನುತ್ತಿದ್ದರು. ನಮ್ಮ ಕಡೆಯ ಬಡಗಿಗಳು ನೂಲು ಅನ್ನುವುದೂ ಅದಕ್ಕೇ. ನನ್ನ ಗಂಡನ ಅಂಗಿಯ ಜೇಬಿನಲ್ಲಿ ಯಾವಾಗಲೂ ಒಂದು ಉಕ್ಕಿನ ಪಟ್ಟಿ ಇರುತ್ತಿತ್ತು. ಅದರ ಒಂದು ಅಂಚಿಗೆ ಇಂಚು, ಇನ್ನೊಂದು ಅಂಚಿಗೆ ಮಿಲಿಮೀಟರು. ಇಂಚಿನ ಅಂಚು ಹೆಬ್ಬೆರಳು ತಾಗಿ ತಾಗಿ ಹೊಳೆಯುತ್ತಿತ್ತು. ಇನ್ನೊಂದು ಅಂಚು ಕಪ್ಪಗೆ ಹಾಗೇ ಇತ್ತು.

ನಯಾಪೈಸೆ ಬಂದ ಹಾಗೆ ಒಂದು ಬೆಳಿಗ್ಗೆ ಎದ್ದಾಗ ಎಲ್ಲ ಬದಲಾಗಿದ್ದರೆ ಸುಖವಿತ್ತು. ಕಾರಖಾನೆಯಲ್ಲಿ ಹಾಗಾಗಲಿಲ್ಲ. ಇವತ್ತು ಒಂದು ನಕ್ಷೆ, ನಾಳೆ ಒಂದು ಗೋಣಿ, ಹೀಗೆ ಮೀಟರು ಒಳಗೆ ನುಗ್ಗಿತು. ಒಂದೇ ಯಂತ್ರದಲ್ಲಿ ಚಕ್ರ ಇಂಚಿನದು, ಬೇರಿಂಗು ಮಿಲಿಮೀಟರಿನದು. ಗಂಡಸರೆಲ್ಲ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿ ಹಾಕಿ ಗೋಡೆ ಬೆಳ್ಳಗಾಗಿತ್ತಂತೆ. ಸೂತಕ್ಕೆ ಮೂರು ಮಿಲಿಮೀಟರು ಎಂದು ಹಿಡಿದರೆ ಆಯಿತು, ಕೂದಲೆಳೆ ಹೆಚ್ಚುಕಡಿಮೆಯಾದರೆ ಏನಂತೆ, "ಚಾಲತಂಯ" ಎನ್ನುತ್ತಿದ್ದರು. ನಡೆಯುತ್ತದೆ ಬಿಡು ಎಂದು ಅದರ ಅರ್ಥ. ನನಗೆ ಮರಾಠಿಯಲ್ಲಿ ಎಲ್ಲಕ್ಕಿಂತ ಮೈ ಉರಿಸುವ ಮಾತು ಯಾವುದು ಎಂದು ಕೇಳಿದರೆ ಇದನ್ನೇ ಹೇಳುತ್ತೇನೆ.

ಇನ್ನು ನಮ್ಮ ಕೆಲಸ. ಲೇತಿನಿಂದ ಹೊಸದಾಗಿ ಬಂದ ಬೋಲ್ಟಿಗೆ ಒಮ್ಮೆ ನಟ್ಟು ಹಾಕಿ ತಿರುಗಿಸಿ ನೋಡಬೇಕು. ಕಾರಖಾನೆಯಲ್ಲಿ ಅದಕ್ಕೆಲ್ಲ ಯಾರಿಗೂ ಪುರುಸೊತ್ತಿರಲಿಲ್ಲ. ಅದಕ್ಕೆ ಒಂದು ಗೋಣಿ ಬೋಲ್ಟು, ಒಂದು ಗೋಣಿ ನಟ್ಟು ನಮ್ಮ ಚಾಳಿಗೆ ಬರುತ್ತಿದ್ದವು. ಮಧ್ಯಾಹ್ನ ಊಟವಾದ ಮೇಲೆ ಹೆಂಗಸರೆಲ್ಲ ಜಗಲಿಯಲ್ಲಿ ಕಾಲು ಚಾಚಿ ಕೂತು ನಟ್ಟು ಓಡಿಸುತ್ತಿದ್ದೆವು. ನಾನು, ನಮ್ಮ ಅತ್ತೆ, ಪಕ್ಕದ ಮನೆಯ ಉಡುಪಿ ಕಡೆಯವರು, ಎದುರಿನ ಮರಾಠಿಯವರು. ಬೋಲ್ಟಿನ ತುದಿಗೆ ನಟ್ಟು ಇಟ್ಟು ಹೆಬ್ಬೆರಳಿನಿಂದ ಒಂದು ಪೆಟ್ಟು ಕೊಟ್ಟರೆ ಅದು ಓಡಬೇಕು. ಓಡಿದರೆ ಸಲೀಸು, ಅದು ಡಬ್ಬಿಗೆ. ಹಿಡಿದರೆ ಬಿಗಿ, ಅದು ಬುಟ್ಟಿಗೆ. ಬುಟ್ಟಿಯದು ಕಾರಖಾನೆಗೆ ವಾಪಸು ಹೋಗಿ ಮತ್ತೆ ಮರೆ ಉಜ್ಜಿಸಿಕೊಂಡು ಬರುತ್ತಿತ್ತು. ಕೈ ನೋಯಿಸುವುದು ಕೆಟ್ಟ ನಟ್ಟು, ಸುಳಿದಾಡುವುದು ಒಳ್ಳೆಯ ನಟ್ಟು. ನಮಗೆ ಹೇಳಿಕೊಟ್ಟಿದ್ದು ಇಷ್ಟೇ, ನಾವು ನಂಬಿದ್ದೂ ಇಷ್ಟೇ.

ಆ ವಾರದ ನಟ್ಟು ಮುಂಬಯಿಯಿಂದ ಹೊಸದಾಗಿ ಬಂದದ್ದು, ಮೈಮೇಲೆ ಹೊಳಪು. ಅದರಷ್ಟು ಚೆನ್ನಾಗಿ ಓಡಿದ ನಟ್ಟನ್ನು ನಾವು ಕಂಡಿರಲಿಲ್ಲ. ಒಂದು ಪೆಟ್ಟಿಗೆ ಬೋಲ್ಟಿನ ಬುಡದ ತನಕ ಜಾರಿ ಹೋಗುತ್ತಿತ್ತು. ಬುಟ್ಟಿ ಖಾಲಿಯೇ ಉಳಿಯಿತು. ಅತ್ತೆಯ ಬೆರಳಿಗೆ ವಾತ, ಯಾವಾಗಲೂ ನರಳುತ್ತ ಮಾಡುತ್ತಿದ್ದವರು ಆ ವಾರ ಹಾಡು ಹೇಳುತ್ತ ಮಾಡಿದರು. ಸೇರು ತೆಗೆದ ಸರ್ಕಾರಕ್ಕೆ ಶಾಪ ಹಾಕುತ್ತಿದ್ದ ಹೆಂಗಸು, ಈಗ ಸರ್ಕಾರ ಒಂದು ಒಳ್ಳೆ ಕೆಲಸ ಮಾಡಿತು ನೋಡು ಎಂದರು. ನಾವೆಲ್ಲ ನಕ್ಕೆವು. ಅದೇ ಡಬ್ಬಿಯಿಂದ ನಾನು ಹಲಗೆಗೆಂದು ಒಂದೆರಡು ಜೋಡಿ ತೆಗೆದಿಟ್ಟುಕೊಂಡೆ.

ಭಾನುವಾರ ಅವುಗಳನ್ನೇ ಹಾಕಿ ಅವರು ಹಲಗೆ ಕೂರಿಸಿದರು. ಸ್ಪ್ಯಾನರು ಹಿಡಿದು ಮೈಭಾರ ಹಾಕಿ ಬಿಗಿದರು. ಸ್ಪ್ಯಾನರು ತಿರುಗುತ್ತಲೇ ಇತ್ತು, ನಟ್ಟು ಕಚ್ಚಲೇ ಇಲ್ಲ. ಇವರು ಇದೇನು ಅನ್ನುವುದರೊಳಗೆ, ಅವಸರಕ್ಕೆ ನಾನು ಕೊಡ ಇಟ್ಟಾಗಿತ್ತು.

ಬಾಗಿಲಲ್ಲಿ ನಿಂತು ಅವರು ನನಗೂ ಅತ್ತೆಗೂ ಹೇಳಿದ್ದು ಇಷ್ಟು. ಬೋಲ್ಟು ನಮ್ಮ ಹಳೆಯ ಲೇತಿನದು, ಮೂರು ಸೂತದ್ದು. ನಟ್ಟು ಹತ್ತು ಮಿಲಿಮೀಟರಿನದು, ಬೇರೆ ಯಂತ್ರಕ್ಕೆಂದು ತರಿಸಿದ್ದು. ಗೋಣಿ ತುಂಬುವಾಗ ಯಾರೋ ಅದಲು ಬದಲು ಮಾಡಿದ್ದಾರೆ. ಹತ್ತು ಮಿಲಿಮೀಟರು ಮೂರು ಸೂತಕ್ಕಿಂತ ಚೂರೇ ಚೂರು ದೊಡ್ಡದು, ಮರೆಯ ಸಾಲುಗಳೂ ಹತ್ತಿರ ಹತ್ತಿರ ಒಂದೇ. ಅದಕ್ಕೇ ಅಷ್ಟು ಸಲೀಸು. ನಟ್ಟು ಬೋಲ್ಟನ್ನು ಹಿಡಿದುಕೊಂಡಿರುವುದು ಮರೆಯ ತುದಿಯಿಂದ ಮಾತ್ರ. ಬೆರಳಿಗೆ ಅದು ಗೊತ್ತಾಗುವುದಿಲ್ಲ. ಜೋರು ಬಿದ್ದರೆ ತುದಿ ಸವೆದು ಕಳಚಿಕೊಳ್ಳುತ್ತದೆ.

ಹಾಗಾದರೆ ಕಾರಖಾನೆಯಲ್ಲಿ ಬಿಗಿಯುವಾಗಲೇ ಕಳಚಬೇಕಿತ್ತಲ್ಲ ಎಂದೆ. ಅವರು ತಲೆಯಲ್ಲಾಡಿಸಿದರು. ಬ್ಲೇಡಿನ ಬೋಲ್ಟನ್ನು ಅಲ್ಲಿ ಯಾರೂ ಮೈಭಾರ ಹಾಕಿ ಬಿಗಿಯುವುದಿಲ್ಲವಂತೆ. ಹೆಚ್ಚು ಬಿಗಿದರೆ ಎರಕದ ಚಕ್ರ ಸೀಳು ಬಿಡುತ್ತದೆ, ಅದಕ್ಕೆ ಕೈ ಹಗುರ ಮಾಡಿ ಕೂರಿಸಿ ಬಿಡುವುದೇ ರೂಢಿಯಂತೆ. ಮೋಟಾರು ಹಾಕಿ ಚಕ್ರ ನಡುಗತೊಡಗಿದ ಮೇಲೆ ಆ ನಟ್ಟು ಎಷ್ಟು ಹೊತ್ತು ತಡೆಯುತ್ತದೋ ಅವರಿಗೂ ಗೊತ್ತಿರಲಿಲ್ಲ.

ಆ ಡಬ್ಬಿಯ ಬೋಲ್ಟಿನಿಂದ ಕಟ್ಟಿದ ಯಂತ್ರ ಎರಡು ಹೊರಗೆ ಹೋಗಿದ್ದವು. ಒಂದು ನಿಫಾಡದ ಒಬ್ಬ ದ್ರಾಕ್ಷಿ ತೋಟದವನಿಗೆ. ಇನ್ನೊಂದು ಔರಂಗಾಬಾದಿಗೆ, ಈಗ ಛತ್ರಪತಿ ಸಂಭಾಜಿನಗರ ಅನ್ನುತ್ತಾರಲ್ಲ, ಅಲ್ಲಿಗೆ. ಅಲ್ಲಿ ಖಾಮ್ ನದಿಯ ದಂಡೆಗೆ ಎಮ್ಮೆ ಕಟ್ಟಿಕೊಂಡು ಹಾಲಿನ ವ್ಯಾಪಾರ ಮಾಡುವ ನನ್ನ ಭಾವನಿಗೆ. ನನ್ನ ಸ್ವಂತ ಅಕ್ಕನ ಗಂಡನಿಗೆ. ವಾರದ ನಡುವೆ ಭಾವ ಲಾರಿ ತಂದು, ನಮ್ಮ ಮನೆಯಲ್ಲೇ ಊಟ ಮಾಡಿ, ಯಂತ್ರ ಹೇರಿಸಿಕೊಂಡು ಹೋಗಿದ್ದರು. ಯಂತ್ರ ಆರಿಸಿ ಕೊಟ್ಟವರು ನನ್ನ ಗಂಡನೇ.

ಅತ್ತೆ ತಮ್ಮ ಬೆರಳು ನೋಡಿಕೊಳ್ಳುತ್ತ ಕೂತರು. ಅಕ್ಕ ಕಣಿಕೆ ತಳ್ಳುವ ರೀತಿ ನನಗೆ ಗೊತ್ತು. ಕೈಯಿಂದ ತಿರುಗಿಸುವ ಹಳೆಯ ಯಂತ್ರ ಅವಳ ಮನೆಯಲ್ಲಿತ್ತು. ತಳ್ಳಲು ಒಂದು ಕಟ್ಟಿಗೆ ಕೊಟ್ಟಿದ್ದರೂ ಅದನ್ನು ಬಳಸದೆ, ಕೊನೆಯ ಗೇಣುದ್ದದ ತುಂಡನ್ನು ಅಂಗೈಯಲ್ಲೇ ನೂಕಿಬಿಡುತ್ತಿದ್ದಳು. ಮೇವು ಹಾಳಾಗಬಾರದು ಎನ್ನುವ ಹಟ.

ಮಾಲೀಕರು ಲಗ್ನಕ್ಕೆಂದು ಘೋಟಿಗೆ ಹೋಗಿದ್ದರು, ಕಾರಖಾನೆಗೆ ಬೀಗ. ತಂತಿ ಕೊಡೋಣ ಎಂದರು ಇವರು. ನಾನು ಬೇಡವೆಂದೆ. ಅಕ್ಕನ ಮನೆಯಲ್ಲಿ ತಂತಿ ಬಂದರೆ ಸಾವಿನ ಸುದ್ದಿ ಎಂದೇ ಲೆಕ್ಕ. ಓದಿಸುವ ಮೊದಲೇ ಅಳು ಶುರುವಾಗುತ್ತದೆ, ಯಂತ್ರದ ಮಾತು ಯಾರ ತಲೆಗೂ ಹೋಗುವುದಿಲ್ಲ. ಇವರು ಸ್ಪ್ಯಾನರು, ಹಿಂದಿನ ವಾರದ ಗೋಣಿಯಲ್ಲಿ ಉಳಿದಿದ್ದ ಸರಿಯಾದ ಇಂಚಿನ ನಟ್ಟು ಒಂದು ಚೀಲಕ್ಕೆ ಹಾಕಿಕೊಂಡರು. ನಾನು ಎಣ್ಣೆ ನೆಲವನ್ನು ಹಾಗೇ ಬಿಟ್ಟು ಉಟ್ಟ ಸೀರೆಯಲ್ಲೇ ಹೊರಟೆ. ನಾಸಿಕ್ ರೋಡ್ ಸ್ಟೇಷನ್ನಿನಲ್ಲಿ ಮನಮಾಡ ಕಡೆಯ ಪ್ಯಾಸೆಂಜರು ಹೊರಡುವುದರೊಳಗೆ ಹೇಗೋ ಹತ್ತಿದೆವು.

ರೈಲು ಪ್ರತಿ ಕಂಬಕ್ಕೂ ನಿಲ್ಲುವಂತೆ ಹೋಗುತ್ತಿತ್ತು. ನನಗೆ ಕೂರಲಾಗುತ್ತಿರಲಿಲ್ಲ. ಭಾವ ಮೋಟಾರಿಗೆ ವೈರು ಎಳೆಸಿದ್ದಾರೋ ಇಲ್ಲವೋ, ಎಳೆಸಿದ್ದರೆ ಒಳ್ಳೆಯ ದಿನ ನೋಡಿ ಶುರು ಮಾಡುತ್ತಾರೋ, ಭಾನುವಾರವೇ ಒಳ್ಳೆಯ ದಿನ ಅಂದುಬಿಟ್ಟರೋ ಎಂದು ತಲೆಯೊಳಗೆ ಅದೇ ಅದೇ ತಿರುಗುತ್ತಿತ್ತು. ಇವರು ಜೇಬಿನಿಂದ ಆ ಉಕ್ಕಿನ ಪಟ್ಟಿ ತೆಗೆದು, ನಟ್ಟಿನ ತೂತಿಗೆ ಹಿಡಿದು, ಒಮ್ಮೆ ಈ ಅಂಚು ಒಮ್ಮೆ ಆ ಅಂಚು ನೋಡುತ್ತಿದ್ದರು. ಒಳಗೆ ಇಡ್ರಿ ಅದನ್ನ ಎಂದು ಗದರಿಸಿದೆ. ಇಟ್ಟರು.

ನಿಫಾಡ ಬಂತು. ರೈಲು ನಿಂತದ್ದೇ ಇವರು ಎದ್ದರು. ನನ್ನ ಅಂದಾಜಿಗೆ ಬಂದಿತ್ತು, ಏಳುತ್ತಾರೆ ಎಂದು.

"ನೀ ಮುಂದ ಹೋಗು. ನಾ ಇಲ್ಲಿ ಇಳದು, ಅವರದು ಬಿಚ್ಚಿಟ್ಟು, ಮುಂದಿನ ಗಾಡಿಗೆ ಬರ್ತೀನಿ," ಎಂದರು.

ನಾನು ಅವರ ಅಂಗಿ ಹಿಡಿದೆ. ಯಂತ್ರ ಬಿಚ್ಚಲು ನನಗೆ ಬರುತ್ತದೆಯೇ? ನನ್ನ ಮಾತಿಗೆ ಭಾವ ಹೊಸ ಯಂತ್ರ ನಿಲ್ಲಿಸುತ್ತಾರೆಯೇ? ಹೆಂಗಸರ ಮಾತು ಕೇಳಿದರೆ ಮೀಸೆ ಉದುರುತ್ತದೆ ಎಂದುಕೊಂಡ ಮನುಷ್ಯ ಅವರು. ಅಲ್ಲದೆ ನಿಫಾಡದವನು ಯಂತ್ರ ಒಯ್ಯುವಾಗ ತನ್ನ ಕೊಟ್ಟಿಗೆಗೆ ಇನ್ನೂ ಕರೆಂಟು ಬಂದಿಲ್ಲ, ಬರಲು ತಿಂಗಳು ಹಿಡಿಯುತ್ತದೆ ಎಂದು ತಾನೇ ಹೇಳಿದ್ದ. ಅದನ್ನು ನನಗೆ ಹೇಳಿದವರೂ ಇವರೇ. ಅದನ್ನೇ ತಿರುಗಿ ಅವರಿಗೆ ಹೇಳಿದೆ.

"ನನ್ನ ಅಕ್ಕ ಮೊದಲ," ಎಂದೆ. "ಉಳದದ್ದು ಆಮ್ಯಾಲೆ."

ರೈಲಿನ ಡಬ್ಬಿಯೊಳಗಿದ್ದವರೆಲ್ಲ ನಮ್ಮನ್ನೇ ನೋಡುತ್ತಿದ್ದರು. ಇವರು ನಿಂತೇ ಇದ್ದರು. ರೈಲು ಸಿಳ್ಳೆ ಹಾಕಿತು. ಅವರು ಕೂತರು, ಮನಮಾಡ ಬರುವ ತನಕ ಕಿಟಕಿಯ ಆಚೆ ಮುಖ ಮಾಡಿ ಕೂತರು. ಇವತ್ತಿಗೂ ಅದೇ ಗಾಡಿಯಲ್ಲಿ ಕೂರಿಸಿ ಕೇಳಿದರೆ ನಾನು ಅದೇ ಅಂಗಿಯನ್ನು ಹಾಗೇ ಹಿಡಿಯುತ್ತೇನೆ. ಅದರಲ್ಲಿ ಮುಚ್ಚುಮರೆ ಏನಿಲ್ಲ.

ಮನಮಾಡದಲ್ಲಿ ಗಾಡಿ ಬದಲಾಯಿಸಬೇಕು. ಔರಂಗಾಬಾದಿನ ಗಾಡಿಯದು ಬೇರೆಯೇ ಹಳಿ, ಅಗಲ ಕಡಿಮೆ, ಮೀಟರ್ ಗೇಜು. ದೊಡ್ಡ ಹಳಿ ಐದೂವರೆ ಅಡಿ, ಇದು ಸರಿಯಾಗಿ ಒಂದು ಮೀಟರು ಎಂದು ಇವರು ಅಷ್ಟು ಸಂಕಟದಲ್ಲೂ ನನಗೆ ತಿಳಿಸಿಕೊಟ್ಟರು. ನನಗೆ ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಆ ಮೀಟರಿನ ಗಾಡಿ ಬರಬೇಕಾದ ಹೊತ್ತಿಗೆ ಬರಲಿಲ್ಲ. ಬಂದ ಮೇಲೆ ಹೊರಡಬೇಕಾದ ಹೊತ್ತಿಗೆ ಹೊರಡಲಿಲ್ಲ. ಪ್ಲಾಟ್‌ಫಾರ್ಮಿನ ಚಹಾದವನ ಮೇಲೆ, ಕೂಲಿಯ ಮೇಲೆ, ಹಸಿರು ಬಾವುಟ ಹಿಡಿದು ಬೀಡಿ ಸೇದುತ್ತಿದ್ದ ಗಾರ್ಡಿನ ಮೇಲೆ, ಎಲ್ಲರ ಮೇಲೂ ನನಗೆ ಸಿಟ್ಟು. ಬಾಯಿ ಬಿಟ್ಟರೆ ಅಳು ಬರುತ್ತದೆಂದು ಸಿಟ್ಟನ್ನೇ ಹಿಡಿದುಕೊಂಡಿದ್ದೆ.

ಔರಂಗಾಬಾದಿನಲ್ಲಿ ಇಳಿದಾಗ ಬಿಸಿಲು ಇಳಿಯುತ್ತಿತ್ತು. ಎಮ್ಮೆಗಳಿಗೆ ಮೇವು ಹಾಕುವ ಹೊತ್ತು. ಟಾಂಗಾದವನಿಗೆ ಕುದುರೆ ಓಡಿಸು ಎಂದು ನಾನು ಹೇಳಿದ್ದು ಹಿಂದಿಯೋ ಮರಾಠಿಯೋ ಕನ್ನಡವೋ ನೆನಪಿಲ್ಲ, ಅವನಂತೂ ಓಡಿಸಿದ. ನದಿಯ ಕಡೆಯ ಇಳಿಜಾರಿಗೆ ತಿರುಗಿದಾಗ ಆ ಸದ್ದು ಕೇಳಿತು. ಮೋಟಾರಿನ ಗುಂಯ್ ಎನ್ನುವ ಸದ್ದು, ಅದರ ನಡುವೆ ಕಚ್ ಕಚ್ ಕಚ್. ಇವರು ಓಡುವ ಟಾಂಗಾದಿಂದಲೇ ಧುಮುಕಿದರು. ನಾನೂ ಧುಮುಕಿದೆ.

ಕೊಟ್ಟಿಗೆಯ ಮುಂದೆ ಚಕ್ರಕ್ಕೆ ಕುಂಕುಮ ಹಚ್ಚಿ ಹೂವಿನ ಹಾರ ಹಾಕಿದ್ದರು. ಹಾರದ ಅರ್ಧ ಹರಿದು ನೆಲಕ್ಕೆ ಬಿದ್ದಿತ್ತು. ಭಾವ ಹೊಸ ಧೋತರ ಉಟ್ಟು, ನೋಡಲು ಬಂದ ನೆರೆಯವರಿಗೆ ಏನೋ ವಿವರಿಸುತ್ತಿದ್ದರು. ಅಕ್ಕ ದೋಣಿಯ ಹಿಂದೆ ಕುಕ್ಕರಗಾಲಲ್ಲಿ ಕೂತು, ಬಳೆ ಮೇಲಕ್ಕೆ ಸರಿಸಿ, ಕಣಿಕೆ ತಳ್ಳುತ್ತಿದ್ದಳು. ಕಟ್ಟಿಗೆ ಪಕ್ಕದಲ್ಲಿ ಬಿದ್ದಿತ್ತು. ಕೊನೆಯ ತುಂಡುಗಳನ್ನು ಅಂಗೈಯಲ್ಲಿ ನೂಕುತ್ತಿದ್ದಳು.

ನಾನು ಕೂಗಿದೆ. ಬೆಳಿಗ್ಗೆ ಇಡೀ ಚಾಳಿಗೆ ಕೇಳಿಸಿದ ನನ್ನ ದನಿ ಆ ಮೋಟಾರಿನ ಸದ್ದಿನಲ್ಲಿ ಅವಳ ಕಿವಿಗೆ ಬೀಳಲಿಲ್ಲ. ಇವರು ಸ್ವಿಚ್ಚು ಎಲ್ಲಿ, ಸ್ವಿಚ್ಚು ಎಲ್ಲಿ ಎಂದು ಗೋಡೆಯ ಮೇಲಿನ ವೈರಿನ ಗುಂಟ ಓಡುತ್ತಿದ್ದರು. ಭಾವ ನಗುತ್ತ, ಬರ್ರಿ ಬರ್ರಿ, ಹೇಳದೆ ಕೇಳದೆ ಬಂದೀರಲ್ಲ ಎಂದು ಕೈ ಚಾಚಿದರು. ನಾನು ಅವರನ್ನು ದಾಟಿ ಹೋಗಿ ಅಕ್ಕನ ಸೊಂಟ ಹಿಡಿದು ಹಿಂದಕ್ಕೆ ಎಳೆದೆ. ಇಬ್ಬರೂ ಕತ್ತರಿಸಿದ ಮೇವಿನ ಗುಡ್ಡೆಯ ಮೇಲೆ ಅಂಗಾತ ಬಿದ್ದೆವು.

"ಹುಚ್ಚು ಹಿಡದದೇನ ನಿನಗ?" ಎಂದಳು ಅಕ್ಕ, ಮೇವು ಉಗುಳುತ್ತ.

ಮೋಟಾರು ನಿಂತಿತು. ಚಕ್ರ ಮಾತ್ರ ತನ್ನ ಭಾರಕ್ಕೆ ಇನ್ನೂ ತಿರುಗುತ್ತಿತ್ತು. ಅದು ನಿಲ್ಲುವ ತನಕ ನಾನು ಅವಳ ಎರಡೂ ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ.

ಇವರು ಚೀಲದಿಂದ ಸ್ಪ್ಯಾನರು ತೆಗೆದರು, ಆಮೇಲೆ ಕೆಳಗಿಟ್ಟರು. ಒಂದು ಬ್ಲೇಡಿನ ಒಂದು ಬೋಲ್ಟಿನ ಮೇಲೆ ನಟ್ಟೇ ಇರಲಿಲ್ಲ. ಎಲ್ಲೋ ಮೇವಿನಲ್ಲಿ ಬಿದ್ದು ಹೋಗಿತ್ತು. ಅದೇ ಬ್ಲೇಡಿನ ಇನ್ನೊಂದು ನಟ್ಟನ್ನು ಅವರು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದರು. ಅದು ತಿರುಗಿತು. ತಿರುಗುತ್ತ ತಿರುಗುತ್ತ ಹೊರಗೆ ಬಂದು ಅವರ ಅಂಗೈಗೆ ಬಿತ್ತು. ಬ್ಲೇಡು ಸಡಿಲವಾಗಿ ಜೋತಾಡಿತು.

ಅಕ್ಕ ಆಗ ತಾನೇ ನನ್ನ ಕೈಯಿಂದ ಬಿಡಿಸಿಕೊಂಡ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡಳು. ನಾನು ಅಲ್ಲೇ ಕೂತು ಜೋರಾಗಿ ಅತ್ತೆ. ಬೆಳಗಿನಿಂದ ತಡೆದದ್ದೆಲ್ಲ ಬಂತು, ನಾಚಿಕೆಯೇನೂ ಆಗಲಿಲ್ಲ. ಇವರು ಭಾವನಿಗೆ ಸೂತ, ಮಿಲಿಮೀಟರು ಎಂದು ವಿವರಿಸತೊಡಗಿದರು. ಭಾವ ಹೊಸ ಯಂತ್ರ, ಹೊಸ ಯಂತ್ರ ಎಂದು ಅದನ್ನೇ ಹೇಳುತ್ತಿದ್ದರು. ಹಳೆಯ ನಟ್ಟು ತೆಗೆದು, ತಂದ ನಟ್ಟು ಹಾಕಿ, ಎರಡೂ ಬ್ಲೇಡು ಇವರು ಮತ್ತೆ ಕೂರಿಸಿದರು. ಈ ನಟ್ಟು ಬೆರಳಿಗೆ ಬಿಗಿಯಾಗಿತ್ತು, ಸ್ಪ್ಯಾನರು ಇಲ್ಲದೆ ಅರ್ಧ ದಾರಿಯೂ ಹೋಗಲಿಲ್ಲ. ನಾವು ಬುಟ್ಟಿಗೆ ಎಸೆಯುತ್ತಿದ್ದ ಜಾತಿಯದು.

ರೊಟ್ಟಿ ಬಡಿಯುತ್ತ ಅಕ್ಕ ಕೇಳಿದಳು, ಇಂಥದ್ದು ಇದೊಂದೇ ಏನು ಎಂದು. ಇವರಿಗೆ ಸುಳ್ಳು ಹೇಳಲು ಬರುವುದಿಲ್ಲ. ನಿಫಾಡದಲ್ಲಿ ಇನ್ನೊಂದಿದೆ ಎಂದರು. ಅಕ್ಕನ ಕೈ ರೊಟ್ಟಿಯ ಮೇಲೆ ನಿಂತಿತು. ತಾವು ಅಲ್ಲಿ ಇಳಿಯಲು ಎದ್ದದ್ದನ್ನೂ ಹೇಳಿದರು. ನಾನು ಅಂಗಿ ಹಿಡಿದದ್ದನ್ನು ಮಾತ್ರ ಅವರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಅಕ್ಕ ನನ್ನನ್ನು ಎತ್ತಿ ಆಡಿಸಿದವಳು. ಅವಳು ನನ್ನ ಕಡೆ ನೋಡಿದಳು.

"ಅಲ್ಲಿ ಕಣಿಕಿ ಹಾಕೂ ಹೆಂಗಸಿಗಿ ನಾಸಿಕದಾಗ ತಂಗಿ ಇಲ್ಲಂತ ಇಳೀಲಿಲ್ಲೇನು?"

ನನಗೆ ಮೈ ಉರಿದು ಹೋಯಿತು. ನಿನ್ನ ಸಲುವಾಗಿ ಉಟ್ಟ ಸೀರೆಯಲ್ಲಿ ಓಡಿ ಬಂದೆ, ಅದಕ್ಕೆ ಇದೇನಾ ಎಂದೆ.  ಅವರಿಗೆ ಕರೆಂಟು ಇಲ್ಲ ಎಂದೆ. ಬೇರೆಯವರ ಅಕ್ಕಂದಿರನ್ನೆಲ್ಲ ನಾನೇ ಕಾಯಬೇಕೇನು ಎಂದೂ ಅಂದೆ. ಅಕ್ಕ ಜಗಳಕ್ಕೆ ಬರಲಿಲ್ಲ. ನಮಗೆ ಬಡಿಸಿದಳು, ಪಕ್ಕದಲ್ಲೇ ಇನ್ನೊಂದು ಗಂಟು ರೊಟ್ಟಿ ಕಟ್ಟಿದಳು. ಬೆಳಕು ಹರಿಯುವ ಮೊದಲೇ ಹೊರಡುವ ಗಾಡಿಗೆ ಹೋಗಬೇಕೆಂದು ಭಾವನಿಗೆ ಟಾಂಗಾ ಹೇಳಿಸಿದಳು. ನಾನು ಹೊರಡುವಾಗ ಅವಳು ನನ್ನ ಗಲ್ಲ ಹಿಡಿದು ಮುತ್ತು ಕೊಟ್ಟಳು, ಆದರೆ ಇನ್ನೊಂದು ದಿನ ಇರು ಎನ್ನಲಿಲ್ಲ.

ಮರುದಿನ ಮಧ್ಯಾಹ್ನ ನಿಫಾಡದಲ್ಲಿ ಇಳಿದೆವು. ಸ್ಟೇಷನ್ನಿನಿಂದ ತೋಟ ದೂರ. ದ್ರಾಕ್ಷಿ ಬಳ್ಳಿಯ ಸಾಲುಗಳ ನಡುವಿನ ಗಾಡಿದಾರಿಯಲ್ಲಿ ನಡೆದೆವು. ಯಾವ ಯಂತ್ರದ ಸದ್ದೂ ಕೇಳಿಸುತ್ತಿರಲಿಲ್ಲ. ನೋಡಿದ್ರೇನು, ಕರೆಂಟಿಲ್ಲ ಎಂದೆ ನಾನು. ಇವರ ಮುಖವೂ ಸ್ವಲ್ಪ ಸಡಿಲಾಯಿತು. ಹಿಂದಿನ ದಿನದಿಂದ ಅವರು ನನ್ನ ಜೊತೆ ಸರಿಯಾಗಿ ಮಾತಾಡಿರಲಿಲ್ಲ.

ತೋಟದ ಬಾವಿಯ ಪಕ್ಕ ಕೊಟ್ಟಿಗೆ. ಬಾವಿಗೆ ಆಯಿಲ್ ಎಂಜಿನ್ನು. ಎಂಜಿನ್ನಿನಿಂದ ಕೊಟ್ಟಿಗೆಯ ತನಕ ಚಕ್ರ ತಿರುಗಿಸುವ ಒಂದು ಉದ್ದನೆಯ ಚರ್ಮದ ಪಟ್ಟಾ ನೆಲದಲ್ಲಿ ಬಿದ್ದಿತ್ತು. ಅದನ್ನು ನೋಡಿದ್ದೇ ಇವರು ನಿಂತುಬಿಟ್ಟರು. ಕರೆಂಟು ಬರುವ ತನಕ ಯಾಕೆ ಕಾಯಬೇಕೆಂದು ತೋಟದವನು ಯಂತ್ರವನ್ನು ಬಾವಿಯ ಎಂಜಿನ್ನಿಗೇ ಕಟ್ಟಿದ್ದ.

ಕೊಟ್ಟಿಗೆಯಲ್ಲಿ ಚಕ್ರಕ್ಕೆ ಒಂದೇ ಬ್ಲೇಡಿತ್ತು. ಇನ್ನೊಂದು, ದೋಣಿಯ ಹಿಂದಿನ ಮರದ ಗೋಡೆಯಲ್ಲಿ ನೆಟ್ಟಿತ್ತು. ಕೂತು ಮೇವು ತಳ್ಳುವವರ ಕತ್ತು ಎಲ್ಲಿರುತ್ತದೋ ಅದೇ ಎತ್ತರದಲ್ಲಿ. ಇವರ ಕೈ ತಾನಾಗಿ ಜೇಬಿಗೆ ಹೋಯಿತು, ಉಕ್ಕಿನ ಪಟ್ಟಿ ತೆಗೆದರು. ಗೋಡೆಯ ಹಲಗೆಯಲ್ಲಿ ಬಿದ್ದ ಸೀಳಿನ ಹತ್ತಿರ ಒಯ್ದರು. ಆಮೇಲೆ ಏನು ಮಾಡಲಿದ್ದೆ ಎಂದು ಮರೆತವರಂತೆ ಅದನ್ನು ಮತ್ತೆ ಜೇಬಿಗೆ ಹಾಕಿದರು.

ಒಳಗಿನಿಂದ ಒಬ್ಬ ಹೆಂಗಸು ಬಂದಳು. ನನ್ನದೇ ವಯಸ್ಸು. ಕೈ ಕಾಲು ಎಲ್ಲ ನೆಟ್ಟಗಿದ್ದವು, ನಾನು ಮೊದಲು ನೋಡಿದ್ದೇ ಅದನ್ನು. ಗಂಡ ಯಂತ್ರದ ಕಾರಖಾನೆಯವರನ್ನು ಕೇಳಲು ನಾಸಿಕಕ್ಕೆ ಹೋಗಿದ್ದಾನೆ ಎಂದಳು. ನಾವು ಅಲ್ಲಿಯವರೇ ಎಂದಾಗ ಹೇಳತೊಡಗಿದಳು. ಇವತ್ತು ಬೆಳಿಗ್ಗೆಯೇ ಆದದ್ದು. ತೊಟ್ಟಿಲಲ್ಲಿ ಮಗು ಅತ್ತಿತು ಎಂದು ಕಣಿಕೆ ಕೆಳಗಿಟ್ಟು ಎದ್ದಳಂತೆ. ತೊಟ್ಟಿಲ ತನಕವೂ ಹೋಗಿರಲಿಲ್ಲವಂತೆ. ಹೇಳುವಾಗ ಅವಳ ಒಂದು ಕೈ ತನ್ನ ಕತ್ತಿನ ಮೇಲೆಯೇ ಇತ್ತು.

ಇವರು ತಪ್ಪು ಎಲ್ಲಿ ಎಂದು ತಿಳಿಸಲು ನೆಲದಲ್ಲಿ ಬಿದ್ದಿದ್ದ ಬೋಲ್ಟನ್ನೂ ಆ ಹೊಳೆಯುವ ನಟ್ಟನ್ನೂ ಎತ್ತಿ ಅವಳ ಕೈಗೆ ಕೊಟ್ಟರು. ಅವಳು ಬೋಲ್ಟಿನ ತುದಿಗೆ ನಟ್ಟು ಇಟ್ಟು, ನಮ್ಮ ಜಗಲಿಯಲ್ಲಿ ನಾವು ಮಾಡುತ್ತಿದ್ದ ಹಾಗೇ, ಹೆಬ್ಬೆರಳಿನಿಂದ ಒಂದು ಪೆಟ್ಟು ಕೊಟ್ಟಳು. ಅದು ಬುಡದ ತನಕ ಓಡಿತು. ಇದು ಚೆನ್ನಾಗೇ ತಿರುಗುತ್ತದಲ್ಲ ಎಂದಳು.

ಆಮೇಲೆ ಅವಳು ನನ್ನನ್ನು ಕೇಳಿದಳು. ಗಂಡ ಬೆಳಿಗ್ಗೆ ಹೊರಟವನು ಈಗಷ್ಟೇ ನಾಸಿಕ ಮುಟ್ಟಿರಬೇಕು, ನಿಮಗೆ ಇಷ್ಟು ಬೇಗ ಹೇಗೆ ಗೊತ್ತಾಯಿತು ಎಂದು ಅವಳಿಗೆ ಆಶ್ಚರ್ಯ.

"ತುಮ್ಹಾಲಾ ಕಧೀ ಕಳಲಂ?" ಎಂದಳು. ನಿಮಗೆ ಯಾವಾಗ ತಿಳಿಯಿತು?

ಕರೆಂಟಿನ ಮಾತು, ಭಾವನ ಮಾತು, ಎಲ್ಲ ನಾಲಗೆಯ ತುದಿಯಲ್ಲೇ ಇದ್ದವು. ಇವರು ನನ್ನ ಕಡೆ ನೋಡಲಿಲ್ಲ, ಚಕ್ರದ ಕಡೆ ನೋಡುತ್ತ ನಿಂತಿದ್ದರು.

"ಕಾಲ," ಎಂದೆ. ನಿನ್ನೆ.

ದೂರದಲ್ಲಿ ಮನಮಾಡ ಕಡೆ ಹೋಗುವ ಗಾಡಿಯ ಸಿಳ್ಳೆ ಕೇಳಿಸಿತು. ಅವಳು ಆ ಬೋಲ್ಟು ನಟ್ಟನ್ನು ನನ್ನ ಕೈಗೆ ಹಾಕಿ, ಒಳಗೆ ಹೋಗಿ, ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡಳು.